ಪೆನ್ನು ಗೆರೆ ಮುಟ್ಟಿದ ಜಾಗ

ಫತೇಗಂಜ್, ವಡೋದರಾ
3 ಸೆಪ್ಟೆಂಬರ್ 2025

ಚಂದ್ರಕಾಂತ ಮಾಮಾನಿಗೆ ಮಹಿಮಾಳ ನಮಸ್ಕಾರ.

ನಿಮ್ಮ ಪತ್ರ ಬಂದು ಎಂಟು ದಿನವಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡಿ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳಿಗೆ ಇದೇನು ಹೊಸದು ಅಂತ ಅವ್ವ ರಾಣೆಬೆನ್ನೂರಿನಿಂದ ದಿನಾ ಫೋನಿನಲ್ಲಿ ಕೇಳುತ್ತಾಳೆ. ಹೊಸದೇ ಮಾಮಾ. ಇಲ್ಲಿ ಕಾಲೇಜಿನಲ್ಲಿ ಸರ್ ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ, ಜೋಕು ಬಂದಾಗ ಗುಜರಾತಿಗೆ ಹೋಗುತ್ತಾರೆ. ಎಲ್ಲರೂ ನಕ್ಕ ಮೇಲೆ ನಾನು ನಗುತ್ತೇನೆ, ಒಂದು ಸೆಕೆಂಡ್ ಲೇಟಾಗಿ. ರೂಮ್‌ಮೇಟ್ ನಿಕಿತಾ ಒಳ್ಳೆಯವಳು, ಆಣಂದದವಳು. ಆದರೆ ಅವಳು ಕ್ಲಾಸಿನಲ್ಲಿ ಕೈ ಎತ್ತಿದಾಗೆಲ್ಲ ನಾನು ನೋಟ್‌ಬುಕ್ಕಿನ ಮೇಲೆ ತಲೆ ಬಗ್ಗಿಸುತ್ತೇನೆ. ಎರಡು ತಿಂಗಳಲ್ಲಿ ನಾನು ಒಮ್ಮೆಯೂ ಕೈ ಎತ್ತಿಲ್ಲ.

ನಿಮ್ಮ ಸುದ್ದಿಯನ್ನು ಮಾತ್ರ ಎರಡು ಸಲ ಓದಿದೆ. ಕಂಪನಿಯ ಡಿಪಾರ್ಟ್‌ಮೆಂಟ್ ಪರೀಕ್ಷೆ ಪಾಸಾದರೆ ನೀವು ಇಲ್ಲಿ ಗೋರ್ವಾದ ಟ್ರೈನಿಂಗ್ ಸೆಂಟರಿಗೆ ಇನ್‌ಸ್ಟ್ರಕ್ಟರ್ ಆಗಿ ಬರಬಹುದು! ನನ್ನ ಹಾಸ್ಟೆಲಿನಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ಪ್ರತಿ ಭಾನುವಾರ ಸುಮಿತ್ರಾ ಅತ್ತಿಯ ಕೈಯ ರೊಟ್ಟಿ. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಚಾನ್ಸ್ ಅಂತ ನೀವು ಬರೆದದ್ದು ಓದಿ ಟೆನ್ಷನ್ ಕೂಡ ಆಯಿತು.

ಗಣಿತ ಹೇಳಿಕೊಡಲು ನನ್ನನ್ನು ಕೇಳಿದಿರಲ್ಲ, ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನಲ್ಲಿ ನನಗೆ ಗ್ರಾಫ್ ಕಲಿಸಿದವರೇ ನೀವು. ಹಾಸ್ಟೆಲಿನ ವಾರ್ಡನ್ ನಿಮ್ಮ ಲಕೋಟೆ ಬಿಚ್ಚಿ, ಈ ಚಾರ್ಟಿನ ಕಾಗದ ಏನು ಅಂತ ಕೇಳಿದ್ದು ನೆನಪಿದೆಯೇ? ಲೆಕ್ಕ ಕಳಿಸಿ. ಫೋನಿನಲ್ಲಿ ಬೇಡ, ಫೋನಿನಲ್ಲಿ ನಮ್ಮಿಬ್ಬರಿಗೂ ಊಟ ಆಯಿತಾ ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ.

ಮಹಿ

*

ಅಡಾಜಣ್, ಸೂರತ್
14 ಸೆಪ್ಟೆಂಬರ್ 2025

ಮಧ್ಯಾಹ್ನ ಮೂರು ಗಂಟೆ. ಕಂಪ್ರೆಸರ್ ಎರಡೂ ಓಡುತ್ತಿವೆ. ಮನೆಯಲ್ಲಿ ಎಲ್ಲ ನಾರ್ಮಲ್. ಚಿ. ಮಹಿಗೆ ಆಶೀರ್ವಾದ.

ಈ ಕಾಗದ ನೋಡಿ ನಗಬೇಡ. ಈಗ ಕಂಟ್ರೋಲ್ ರೂಮಿನಲ್ಲಿ ಎಲ್ಲ ಸ್ಕ್ರೀನು. ಪ್ರೆಷರಿನ ಏರಿಳಿತವನ್ನು ಪೆನ್ನು ಕಾಗದದ ಮೇಲೆ ಎಳೆಯುತ್ತಿದ್ದ ಕಾಲದ ಚಾರ್ಟ್ ರೋಲುಗಳನ್ನು ಸ್ಟೋರಿನವರು ಎಸೆಯುವಾಗ ಒಂದು ಚೀಲ ತಂದಿಟ್ಟುಕೊಂಡಿದ್ದೇನೆ, ಅದರ ಹಿಂಬದಿ ನಿನಗೆ. ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕಲ್ಲ, ಟೀ ಬಿಡುವಿನಲ್ಲಿ ಬರೆಯುವುದೊಂದೇ ದಾರಿ.

ಇಪ್ಪತ್ತೆರಡು ವರ್ಷ ಪ್ಯಾನಲ್ ಮುಂದೆ ಕೂತಿದ್ದೇನೆ. ಹೊಸ ಹುಡುಗರು ಬಂದಾಗ ಅವರಿಗೆ ಹೇಳಿಕೊಡುವುದು ನಾನೇ, ಆದರೆ ಸರ್ಟಿಫಿಕೇಟಿಗೆ ಸಹಿ ಹಾಕುವುದು ಇನ್ನೊಬ್ಬರು. ಒಮ್ಮೆ ಬೋರ್ಡಿನ ಮುಂದೆ ಚಾಕ್ ಹಿಡಿದು ನಿಲ್ಲಬೇಕು, ಅಷ್ಟೇ ಆಸೆ. ಮನೆಯಲ್ಲಿ ಆಶ್ರಿತಾಗೆ ಲೆಕ್ಕ ಹೇಳಹೋದರೆ, 'ಪಪ್ಪಾ, ಗುಜರಾತೀಮಾಂ ಬೋಲೋ ನೆ' ಅನ್ನುತ್ತಾಳೆ. ನನಗೆ ಲೆಕ್ಕ ಬರುವುದು ಕನ್ನಡದಲ್ಲಿ ಮಾತ್ರ. ಹಾಗಾಗಿ ಇನ್ನು ನೀನೇ ನನ್ನ ಮೇಡಂ.

ಇದನ್ನು ನೋಡು. ಹಳೇ ಪೇಪರಿನದು: x³ − 6x² + 9x − 4 ≥ 0. ಇದು x ನ ಯಾವ ಬೆಲೆಗಳಿಗೆ ನಿಜ?

ನನಗೆ ವಿಧಾನ ಗೊತ್ತಿಲ್ಲ. ಬೆಲೆ ಹಾಕಿ ಗ್ರಾಫ್ ಎಳೆದೆ. ಸೊನ್ನೆಗೆ −4, ಒಂದಕ್ಕೆ 0, ಎರಡಕ್ಕೆ −2, ಮೂರಕ್ಕೆ −4, ನಾಲ್ಕಕ್ಕೆ 0, ಐದಕ್ಕೆ 16. ಸೊನ್ನೆಯ ಅಡ್ಡಗೆರೆಯನ್ನೇ ನಮ್ಮ ಪ್ಲಾಂಟಿನಲ್ಲಿ ಪ್ರೆಷರ್ ದಾಟಬಾರದ ಕೆಂಪು ಗೆರೆ ಅಂದುಕೊಂಡೆ. ಪೆನ್ನು ಕೆಳಗಿನಿಂದ ಬಂದು, ಒಂದರಲ್ಲಿ ಗೆರೆಯನ್ನು ಮುಟ್ಟಿ, ದಾಟದೆ ಕೆಳಗಿಳಿಯುತ್ತದೆ. ಆಮೇಲೆ ನಾಲ್ಕರಲ್ಲಿ ಗೆರೆ ದಾಟಿ ಮೇಲೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಹಾಗಾದರೆ ಉತ್ತರ: ನಾಲ್ಕು ಮತ್ತು ಅದರ ಮೇಲಿನದೆಲ್ಲ, ಜೊತೆಗೆ ಒಂದು. ಸರಿಯೇ?

ನಮ್ಮ ಶಿಫ್ಟಿನ ದೊಡ್ಡಣ್ಣನೂ ಪರೀಕ್ಷೆಗೆ ಕೂರುತ್ತಿದ್ದಾನೆ. ಅವನು ಕೋಚಿಂಗಿಗೆ ಹೋಗುತ್ತಾನೆ. ನನಗೆ ಅಂಚೆಯಲ್ಲೇ ಕೋಚಿಂಗ್ ಅಂತ ಹೇಳಿದ್ದೇನೆ.

ಚಂದ್ರಕಾಂತ

*

ವಡೋದರಾ
22 ಸೆಪ್ಟೆಂಬರ್ 2025

ಮಾಮಾ, ನಮಸ್ಕಾರ.

ಮೇಡಂ ಅಂತ ಬರೆದದ್ದನ್ನು ನಿಕಿತಾಗೆ ತೋರಿಸಿದೆ. ಅಕ್ಷರ ಅವಳಿಗೆ ಓದಲು ಬರುವುದಿಲ್ಲ, ಆದರೂ ತೋರಿಸಿದೆ.

ನಿಮ್ಮ ಗ್ರಾಫ್ ಚೆನ್ನಾಗಿದೆ. ಆದರೆ ಉತ್ತರ ಅರ್ಧ ತಪ್ಪು. ಪರೀಕ್ಷೆಯಲ್ಲಿ ಅಷ್ಟೊಂದು ಬೆಲೆ ಹಾಕುತ್ತ ಕೂತರೆ ಟೈಮ್ ಸಾಲುವುದಿಲ್ಲ. ಮೊದಲು ಅಪವರ್ತನ ಮಾಡಿ: (x−1)²(x−4) ≥ 0. ಇಲ್ಲಿ (x−1)² ವರ್ಗ. ವರ್ಗ ಯಾವಾಗಲೂ ಪಾಸಿಟಿವ್. ಪಾಸಿಟಿವ್ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುವುದಿಲ್ಲ, ಆದ್ದರಿಂದ ಅದನ್ನು ಹೊಡೆದುಹಾಕಿ. ಉಳಿದದ್ದು x−4 ≥ 0. ಉತ್ತರ x ≥ 4, ಅಷ್ಟೇ. ನೋಡಿ, ಎರಡು ಸಾಲು!

ನಿಮ್ಮ ಹಾಳೆಯಲ್ಲಿ ಆ 'ಜೊತೆಗೆ ಒಂದು' ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಕಾಟು ಹೊಡೆದು ವಾಪಸ್ ಕಳಿಸಿದ್ದೇನೆ. ನನ್ನ ಜೀವನದ ಮೊದಲ ಕೆಂಪು ಪೆನ್ನು. ಇವತ್ತು ಮೆಸ್ಸಿನಲ್ಲಿ ಒಬ್ಬಳೇ ಕೂತರೂ ಊಟ ಸೇರಿತು.

ಇನ್ನೂ ಐದು ಲೆಕ್ಕ ಜೊತೆಗಿಟ್ಟಿದ್ದೇನೆ, ಹೋಮ್‌ವರ್ಕ್.

ಮಹಿ (ಮೇಡಂ)

*

ಅಡಾಜಣ್
5 ಅಕ್ಟೋಬರ್ 2025

ಬೆಳಿಗ್ಗೆ ಹನ್ನೊಂದು. ಒಂದು ಕಂಪ್ರೆಸರ್ ಮೆಂಟೆನೆನ್ಸಿಗೆ ಹೋಗಿದೆ. ಉಳಿದದ್ದು ನಾರ್ಮಲ್.

ಐದರಲ್ಲಿ ನಾಲ್ಕು ಬಂತು. ಆದರೆ ಮಹಿ, ಆ ಒಂದು ನನ್ನನ್ನು ಬಿಡುತ್ತಿಲ್ಲ. ≥ ಚಿಹ್ನೆ ಇದೆಯಲ್ಲ, ಸಮವಾದರೂ ನಡೆಯುತ್ತದೆ ಅಂತ ತಾನೇ? ಒಂದನ್ನು ಹಾಕಿದರೆ ಬೆಲೆ ಸೊನ್ನೆ. ಸೊನ್ನೆಯು ಸೊನ್ನೆಗೆ ಸಮ. ಮತ್ತೆ ಯಾಕೆ ಬಿಡಬೇಕು?

ನನಗೆ ಪ್ಯಾನಲ್ ಕಲಿಸಿದವರು ಗದಗಿನ ಚನ್ನಬಸಪ್ಪನವರು. ಮೊದಲ ವಾರ ಪ್ರೆಷರ್ ಪೆನ್ನು ಕೆಂಪು ಗೆರೆಯನ್ನು ಮುಟ್ಟಿ ಇಳಿಯಿತು. ದಾಟಲಿಲ್ಲವಲ್ಲ ಅಂತ ನಾನು ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಅವರು ಚಾರ್ಟ್ ಎಳೆದು ಆ ಜಾಗದ ಮೇಲೆ ಬೆರಳಿಟ್ಟು, 'ಮುಟ್ಟಿದ್ದು ಮುಟ್ಟಿದ್ದ ಅಲ್ಲೇನೋ?' ಅಂದರು. ಅವರದು ಇನ್ನೊಂದು ನಿಯಮ: ತಪ್ಪು ಬರೆದರೆ ಅಳಿಸಬಾರದು. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಕೆಳಗಿನದು ಓದಲು ಬರಬೇಕು.

ಅದಕ್ಕೇ ಕೇಳಿದೆ. ನೀನು ಓದಿದವಳು. ಇನ್ನೊಮ್ಮೆ ನೋಡಿ ಹೇಳು.

ಚಂದ್ರಕಾಂತ

*

ವಡೋದರಾ
13 ಅಕ್ಟೋಬರ್ 2025

ಮಾಮಾ,

ಇನ್ನೊಮ್ಮೆ ನೋಡಿದೆ. x ≥ 4 ಅಷ್ಟೇ. ಗ್ರಾಫ್ ಅಂದಾಜಿಗೆ ಸರಿ, ಪರೀಕ್ಷೆಗೆ ವಿಧಾನ ಬೇಕು. ಮುಟ್ಟುವುದು ಬೇರೆ, ದಾಟುವುದು ಬೇರೆ. ದಾಟದಿದ್ದರೆ ಚಿಹ್ನೆ ಬದಲಾಗುವುದಿಲ್ಲ. ಪಿಯುಸಿಯಲ್ಲಿ ನಾನು ಇಂಥವನ್ನು ಐವತ್ತು ಮಾಡಿದ್ದೇನೆ. ದಯವಿಟ್ಟು ಪರೀಕ್ಷೆಯಲ್ಲಿ ಪ್ಯಾನಲ್ ಬುದ್ಧಿ ಓಡಿಸಬೇಡಿ.

ಇಂಟರ್ನಲ್ ಟೆಸ್ಟ್ ಇದೆ. ಚಿಕ್ಕದಾಗಿ ಬರೆದಿದ್ದೇನೆ.

ಮಹಿ

*

ಅಡಾಜಣ್
2 ನವೆಂಬರ್ 2025

ಸಂಜೆ ಐದು. ಎಲ್ಲ ನಾರ್ಮಲ್.

ಆಗಲಿ ಮೇಡಂ. ಪ್ಯಾನಲ್ ಬುದ್ಧಿಯನ್ನು ಫೋನಿನ ಜೊತೆ ಗೇಟಿನಲ್ಲೇ ಕೊಟ್ಟು ಹೋಗುತ್ತೇನೆ.

ಪರೀಕ್ಷೆ 23, ಭಾನುವಾರ, ಅಹಮದಾಬಾದಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಐವತ್ತು ಪ್ರಶ್ನೆ, ಪಾಸಾಗಲು ಮೂವತ್ತು. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ನಾನೂ ದೊಡ್ಡಣ್ಣನೂ ಬೆಳಗಿನ ಗಾಡಿಗೆ ಹೊರಡುತ್ತೇವೆ. ವಡೋದರಾದಲ್ಲಿ ಐದು ನಿಮಿಷ ನಿಲ್ಲುತ್ತದೆ. ಪ್ಲಾಟ್‌ಫಾರ್ಮಿಗೆ ಬರುತ್ತೀಯಾ? ಓದಿನ ತೊಂದರೆ ಇದ್ದರೆ ಬೇಡ. ಅತ್ತಿ ಉಂಡಿ ಕಟ್ಟಿಕೊಡುತ್ತಾಳಂತೆ.

ಅತ್ತಿ ಈಗಲೇ ಗೋರ್ವಾದಲ್ಲಿ ನೀರು ಹೇಗೆ ಅಂತ ಕೇಳುತ್ತಿದ್ದಾಳೆ. ನಾನು ಬಯ್ದೆ. ನನಗೂ ತಿಳಿಯಬೇಕೆಂದಿದೆ, ಗೊತ್ತಿದ್ದರೆ ಬರೆ.

ಚಂದ್ರಕಾಂತ

*

ವಡೋದರಾ
17 ನವೆಂಬರ್ 2025

ಮಾಮಾ,

ಭಾನುವಾರ ಖಂಡಿತ ಬರುತ್ತೇನೆ. ಯಾವ ಬೋಗಿ ಅಂತ ಮೆಸೇಜ್ ಮಾಡಿ. ಒಂದು ಹೊಸ ಪೆನ್ನು ತೆಗೆದಿಟ್ಟಿದ್ದೇನೆ.

ಲೆಕ್ಕದ ಬಗ್ಗೆ ಒಂದು ವಿಷಯ ಬರೆಯೋಣವೆಂದಿದ್ದೆ. ಈಗ ಹೊಸದೇನೂ ತಲೆಗೆ ತುಂಬಿಕೊಳ್ಳಬೇಡಿ. ಅಂಥದು ಬರಲಿಕ್ಕೂ ಇಲ್ಲ. ಹಿಂದಿನ ರಾತ್ರಿ ಬೇಗ ಮಲಗಿ, ನೀರು ಕುಡಿಯಿರಿ, ಹಾಲ್ ಟಿಕೆಟ್ ಎರಡು ಪ್ರತಿ ಇಟ್ಟುಕೊಳ್ಳಿ. ಆಲ್ ದಿ ಬೆಸ್ಟ್.

ಗೋರ್ವಾದಲ್ಲಿ ನೀರು ಚೆನ್ನಾಗಿದೆಯಂತೆ.

ಮಹಿ

*

ಅಡಾಜಣ್
26 ನವೆಂಬರ್ 2025

ಬೆಳಿಗ್ಗೆ ಹತ್ತು. ಎಲ್ಲ ನಾರ್ಮಲ್, ನಾನೂ ನಾರ್ಮಲ್.

ನೀನು ತಂದ ಥೇಪ್ಲಾ ರೊಟ್ಟಿಯನ್ನು ನಡಿಯಾದ್ ದಾಟುವ ಮೊದಲೇ ದೊಡ್ಡಣ್ಣ ಮುಗಿಸಿದ. ಪೇಪರ್ ಸುಲಭವೇ ಅನ್ನಿಸಿತು. ಮಹಿ, ನಮ್ಮ ಆ ಲೆಕ್ಕವೇ ಬಂತು! ಸಂಖ್ಯೆಗಳೂ ಅವೇ. ನೋಡಿದ ಕೂಡಲೇ ನಗು ಬಂತು. ನೀನು ಹೇಳಿದ ಹಾಗೇ ಮಾಡಿದೆ.

ಗಾಡಿ ಬಿಟ್ಟಾಗ ನೀನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಸೊರಗಿದ್ದೀ ಅನ್ನಿಸಿತು. ಮೆಸ್ಸಿನ ಊಟ ಸರಿಯಿಲ್ಲವೇ?

ಚಂದ್ರಕಾಂತ

*

ವಡೋದರಾ
9 ಡಿಸೆಂಬರ್ 2025

ಮಾಮಾ,

ಜರ್ನಲ್ ಬರೆಯುವುದಿತ್ತು, ತಡವಾಯಿತು.

ಶನಿವಾರ ನಿಕಿತಾಳನ್ನು ಕರೆದುಕೊಂಡು ಗೋರ್ವಾಕ್ಕೆ ಹೋಗಿದ್ದೆ. ಬಾಡಿಗೆಗೆ ಎರಡು ಮನೆ ನೋಡಿದೆ. ಒಂದು ಎರಡನೇ ಮಹಡಿ, ಅಡುಗೆಮನೆಯ ಕಿಟಕಿ ಪೂರ್ವಕ್ಕೆ. ಆಶ್ರಿತಾಗೆ ಶಾಲೆ ಹತ್ತಿರ. ಓನರ್ ಅಜ್ಜಿಗೆ ಜನವರಿ ತನಕ ಕಾಯಿರಿ ಅಂದು ಬಂದೆ. ನಲ್ಲಿಯನ್ನೂ ತಿರುಗಿಸಿ ನೋಡಿದೆ.

ಉಳಿದ ನಲವತ್ತೊಂಬತ್ತು ಪ್ರಶ್ನೆ ಹೇಗಿದ್ದವು? ಅದನ್ನು ಬರೆಯಲೇ ಇಲ್ಲ ನೀವು.

ಮಹಿ

*

ಅಡಾಜಣ್
29 ಡಿಸೆಂಬರ್ 2025

ಮಧ್ಯಾಹ್ನ ನಾಲ್ಕು. ಎರಡೂ ಕಂಪ್ರೆಸರ್ ಓಡುತ್ತಿವೆ.

ರಿಸಲ್ಟ್ ಬಂತು. ನನ್ನದು ಆಗಲಿಲ್ಲ. ಟೈಮ್ ಸಾಲಲಿಲ್ಲ, ಕೊನೆಯ ಪ್ರಶ್ನೆಗಳನ್ನು ಓದಲೂ ಆಗಲಿಲ್ಲ. ದೊಡ್ಡಣ್ಣನಿಗೆ ಆಯಿತು. ಫೆಬ್ರವರಿಯಲ್ಲಿ ಗೋರ್ವಾಕ್ಕೆ ಹೋಗುತ್ತಾನೆ. ನೀನು ನೋಡಿದ ಮನೆಯ ವಿಳಾಸ ಅವನಿಗೆ ಕೊಡಲೇ? ಒಳ್ಳೆಯ ಮನೆ ಸುಮ್ಮನೆ ಕೈ ತಪ್ಪಬಾರದು.

ನಿನ್ನ ಅವ್ವನಿಗೆ ನಾನೇ ಹೇಳುತ್ತೇನೆ. ಉತ್ತರಾಯಣಕ್ಕೆ ಗಾಳಿಪಟ ಹಾರಿಸಲು ಇಲ್ಲಿಗೆ ಬಾ. ಆಶ್ರಿತಾ ಪತಂಗ ತಂದಿಟ್ಟಿದ್ದಾಳೆ, ದಾರ ಹಿಡಿಯಲು ಜನ ಬೇಕಂತೆ.

ಚಂದ್ರಕಾಂತ

*

ವಡೋದರಾ
19 ಜನವರಿ 2026

ಮಾಮಾ,

ಈ ಪತ್ರವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ.

ಹದಿನಾಲ್ಕರಂದು ಟೆರೇಸಿನಲ್ಲಿ ಆಶ್ರಿತಾ ಹರಿದ ಪತಂಗಕ್ಕೆ ತೇಪೆ ಹಚ್ಚಲು ರದ್ದಿ ಕಾಗದ ತಂದಳು. 'ದೀದಿ, ಇದನ್ನು ಹರಿದುಕೊಡು' ಅಂತ ನನ್ನ ಕೈಗಿಟ್ಟದ್ದು ನಿಮ್ಮ ಪ್ರಶ್ನೆಪತ್ರಿಕೆ. ಹದಿನೇಳನೇ ಪ್ರಶ್ನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ನೀವು ಎಳೆದ ಗ್ರಾಫ್, ಒಂದರಲ್ಲಿ ಮುಟ್ಟಿ ಇಳಿದದ್ದು. ಮೊದಲು ಗುರುತು ಹಾಕಿದ್ದು 'x ≥ 4 ಮತ್ತು x = 1' ಅನ್ನುವುದಕ್ಕೆ. ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ನಿಮ್ಮ ಸಣ್ಣ ಸಹಿ. ಕೆಳಗಿನದು ಓದಲು ಬರುತ್ತಿತ್ತು. ಆಮೇಲೆ ಗುರುತು ನನ್ನ ಉತ್ತರಕ್ಕೆ. ಕೊನೆಯ ಪುಟದಲ್ಲಿ ಐವತ್ತಕ್ಕೂ ಉತ್ತರ ಬರೆದಿತ್ತು, ಕೀ ಆನ್ಸರ್ ನೋಡಿ ಹಾಕಿದ ಟಿಕ್‌ಗಳಿದ್ದವು. ಇಪ್ಪತ್ತೊಂಬತ್ತು. ಪಾಸಾಗಲು ಒಂದು ಕಡಿಮೆ.

ನಿಮಗೆ ಟೈಮ್ ಸಾಲಿತ್ತು. ಹೋದದ್ದು ನನ್ನ ಉತ್ತರದಿಂದ ಅಂತ ಗೊತ್ತಿದ್ದೂ ಮೂರು ದಿನ ನನಗೆ ರೊಟ್ಟಿ ಬಡಿಸಿದಿರಿ. ಬೇರೆ ಹಾಳೆ ಹರಿದುಕೊಟ್ಟೆ, ಆ ಪುಟವನ್ನು ಬ್ಯಾಗಿಗೆ ಹಾಕಿಕೊಂಡೆ.

ಈಗ ನಿಮಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ನನ್ನ ಉತ್ತರ ತಪ್ಪು ಅಂತ ನನಗೆ ನವೆಂಬರ್ 13ಕ್ಕೇ ಗೊತ್ತಾಗಿತ್ತು. ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಗೊತ್ತಾಯಿತು. ಅವತ್ತೇ ನಿಮಗೆ ಪತ್ರ ಬರೆದೆ, ಸ್ಟ್ಯಾಂಪ್ ಕೂಡ ಹಚ್ಚಿದೆ. ಪೋಸ್ಟ್ ಮಾಡಲಿಲ್ಲ. ಇಲ್ಲಿ ನಾನು ಯಾರಿಗೂ ಏನೂ ಅಲ್ಲ ಮಾಮಾ. ನಿಮಗೊಬ್ಬರಿಗೆ ಮೇಡಂ ಆಗಿದ್ದೆ. ಅದೂ ಹೋದರೆ ಅನ್ನಿಸಿತು. ಆ ಲೆಕ್ಕ ಬರುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಸ್ಟೇಷನ್ನಿನಲ್ಲಾದರೂ ಹೇಳಬೇಕು ಅಂತಲೇ ಬಂದಿದ್ದೆ. ನೀವು ಬೋಗಿಯ ಬಾಗಿಲಲ್ಲಿ ದೊಡ್ಡಣ್ಣನವರಿಗೆ, 'ನೋಡಪಾ, ಇಕೀನ ನಮ್ಮ ಮೇಡಂ' ಅಂದಿರಿ. ಅವರು, 'ಮಾಮಾನ್ನ ಪಾಸ್ ಮಾಡಸ್ತೀರಿಲ್ರೀ ಮೇಡಂ?' ಅಂತ ನಕ್ಕರು. ಗಾಡಿ ಅಲುಗಾಡುವಾಗ ನೀವು ಕೇಳಿದಿರಿ: 'ಮುಟ್ಟಿದ್ದನ್ನ ಬಿಡೂದ ಹೌದಲ್ಲ? ಕಡೀ ಸಲ ಕೇಳಾಕತ್ತೀನಿ.'

ನಾನು ನಕ್ಕೆ. ಆ ನಗುವನ್ನು ನೀವು ಹೌದು ಅಂದುಕೊಂಡಿರಿ. ಹಾಗೆ ಅಂದುಕೊಳ್ಳಲಿ ಅಂತಲೇ ನಕ್ಕೆನೋ ಏನೋ.

ಬೈದು ಬರೆಯಿರಿ. ನಾರ್ಮಲ್ ಅಂತ ಮಾತ್ರ ಬರೆಯಬೇಡಿ.

ಮಹಿಮಾ

*

ಅಡಾಜಣ್
27 ಜನವರಿ 2026

ಚಿ. ಮಹಿ,

ಇವತ್ತು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ದಿನ ಬರೆಯಲಿಲ್ಲ, ಸಿಟ್ಟಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ರದ್ದಿಯಲ್ಲಿ ಆ ಪುಟ ಕಾಣದಿದ್ದಾಗ ನಿನ್ನ ಬ್ಯಾಗಿಗೆ ಹೋಗಿದೆ ಅಂತ ತಿಳಿದಿತ್ತು. ಅಳುತ್ತೀ ಅಂದುಕೊಂಡಿದ್ದೆ. ಈ ಪತ್ರ ಅಂದುಕೊಂಡಿರಲಿಲ್ಲ.

ನೀನು ಕಲಿಸಿದ್ದು ತಪ್ಪಾಯಿತು, ಅದು ನಿನ್ನೊಬ್ಬಳದಲ್ಲ. ಇಪ್ಪತ್ತೆರಡು ವರ್ಷ ಗೆರೆ ಓದಿದ ಕಣ್ಣು ನನ್ನದು. ಅಲ್ಲಿ ಕೂತು ಸರಿ ಗುರುತು ಹಾಕಿದವನೂ ನಾನೇ, ಕಾಟು ಹೊಡೆದವನೂ ನಾನೇ. ಪ್ಯಾನಲ್ ಬುದ್ಧಿ ಅಂತ ನೀನು ಬರೆದಿದ್ದೆಯಲ್ಲ, ಆ ಮಾತು ಪೆನ್ಸಿಲ್ ಹಿಡಿದಾಗ ನೆನಪಾಯಿತು. ಅದರಿಂದ ಮಾತ್ರ ನೋವಾಗಿತ್ತು. ಬರೆಯಲಿಲ್ಲ. ಟೈಮ್ ಸಾಲಲಿಲ್ಲ ಅಂತ ಬರೆದದ್ದು ನನ್ನ ಸುಳ್ಳು.

ಆದರೆ ಗೊತ್ತಿದ್ದೂ ನೀನು ಬರೆಯದ ಆ ಹತ್ತು ದಿನ, ಮಹಿ. ಕಂಟ್ರೋಲ್ ರೂಮಿನಲ್ಲಿ ತಪ್ಪು ಓದಿದವನನ್ನು ಯಾರೂ ಏನೂ ಅನ್ನುವುದಿಲ್ಲ. ಕಂಡದ್ದನ್ನು ಬರೆಯದವನನ್ನು ಪ್ಯಾನಲ್ ಮುಂದೆ ಕೂರಿಸುವುದಿಲ್ಲ. ನೀನು ಮುಂದೆ ಟೀಚರ್ ಆಗಬಹುದು, ಏನೋ ಆಗಬಹುದು. ಅದಕ್ಕೆ ಹೇಳುತ್ತಿದ್ದೇನೆ, ಸಮಾಧಾನ ಮಾಡಲು ಅಲ್ಲ. ಸಮಾಧಾನ ನನಗೂ ಇನ್ನೂ ಆಗಿಲ್ಲ.

ದೊಡ್ಡಣ್ಣ ನಿನ್ನೆ ಬಂದಿದ್ದ. ಮೊದಲ ಪಾಠಕ್ಕೆ ಅಂತ ನನ್ನ ಚಾರ್ಟ್ ರೋಲು ಒಂದನ್ನು ಕೇಳಿದ. ಕೊಟ್ಟೆ. ಅವನು ಹೋದ ಮೇಲೆ ಅತ್ತಿ ಉಳಿದ ರೋಲುಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು.

ಬರೆಯದೆ ಬಿಟ್ಟದ್ದಕ್ಕೆ ಲಾಗ್‌ಬುಕ್ಕಿನಲ್ಲಿ ಒಂದು ದಾರಿ ಇದೆ. ಲೇಟ್ ಎಂಟ್ರಿ ಅಂತ ಮೇಲೆ ಬರೆದು, ಆ ದಿನದ್ದನ್ನು ಆ ದಿನದ ತಾರೀಕಿನಲ್ಲೇ ಹಾಕಬೇಕು. ಒಂದಕ್ಷರ ತಿದ್ದಬಾರದು. ಆ ಪತ್ರ ಇನ್ನೂ ನಿನ್ನ ಹತ್ತಿರ ಇದ್ದರೆ ಕಳಿಸು.

ಚಂದ್ರಕಾಂತ ಮಾಮಾ

*

ವಡೋದರಾ
2 ಫೆಬ್ರವರಿ 2026

ಮಾಮಾ,

ಇದೆ. ಅದೇ ಲಕೋಟೆ, ಅದೇ ಸ್ಟ್ಯಾಂಪ್. ಬಿಚ್ಚಲಿಲ್ಲ, ತಿದ್ದಲಿಲ್ಲ. ಹೊರಗೆ 'ಲೇಟ್ ಎಂಟ್ರಿ' ಅಂತ ಬರೆದು ಸಹಿ ಹಾಕಿದ್ದೇನೆ. ಒಳಗೆ ಏನು ಬರೆದಿದ್ದೆ ಅಂತ ನನಗೆ ಬಾಯಿಪಾಠವಿದೆ.

ಮಹಿಮಾ

*

ಫತೇಗಂಜ್, ವಡೋದರಾ
13 ನವೆಂಬರ್ 2025

ಪ್ರೀತಿಯ ಮಾಮಾ,

ಕ್ಲಾಸಿನಿಂದ ಬಂದವಳೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಇವತ್ತು ಸರ್ ನನ್ನನ್ನು ಬೋರ್ಡಿಗೆ ಕರೆದರು, ಮೊದಲ ಸಲ. ನಮ್ಮ ಲೆಕ್ಕದಂಥದೇ. ನಾನು ಧೈರ್ಯವಾಗಿ ಎರಡು ಸಾಲಿನಲ್ಲಿ ಮುಗಿಸಿದೆ. ಸರ್ ಗ್ರಾಫ್ ಎಳೆದು, ಅದು ಗೆರೆ ಮುಟ್ಟಿದ ಜಾಗದಲ್ಲಿ ಚಾಕಿನಿಂದ ಒಂದು ದಪ್ಪ ಚುಕ್ಕೆ ಇಟ್ಟು, ಇದನ್ನು ಯಾಕೆ ಬಿಟ್ಟೆ ಅಂತ ಕೇಳಿದರು. ಎಲ್ಲರೂ ನಕ್ಕರು. ಈ ಸಲ ನನಗೆ ತಕ್ಷಣ ಅರ್ಥವಾಯಿತು.

ವರ್ಗ ಯಾವಾಗಲೂ ಪಾಸಿಟಿವ್ ಅಲ್ಲ ಮಾಮಾ, ಸೊನ್ನೆಯೂ ಆಗಬಹುದು. ಒಂದರಲ್ಲಿ ಅದು ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ನಾನು ಹೊಡೆದುಹಾಕಿಬಿಟ್ಟೆ. ನೀವು ಹೇಳಿದ್ದೇ ಸರಿ. ಒಂದು ಸೇರಬೇಕು. ಎರಡು ಸಲ ನೀವು ಕೇಳಿದಿರಿ, ಎರಡು ಸಲವೂ ನಾನು ನಿಮ್ಮ ಗ್ರಾಫನ್ನು ನೋಡಲೇ ಇಲ್ಲ.

ನನ್ನ ಕೆಂಪು ಕಾಟಿನ ಮೇಲೆ ನೀವೇ ಒಂದು ಗೆರೆ ಎಳೆದು ಸಹಿ ಹಾಕಿಬಿಡಿ. ಪರೀಕ್ಷೆಯಲ್ಲಿ ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ. ಈಗ ಗೊತ್ತಾದದ್ದು ಒಳ್ಳೆಯದೇ ಆಯಿತು. ಕಾಗದ ಮೂರು ದಿನಕ್ಕೆ ನಿಮಗೆ ತಲುಪುತ್ತದೆ, ಪರೀಕ್ಷೆಗೆ ಇನ್ನೂ ಹತ್ತು ದಿನ ಇದೆ.

ನಿಮ್ಮ ಮಹಿ